ಇದು ಸರಿಯಾ, ಇದಾ?

ಬಚ್ಚಲಿನ ನಲ್ಲಿ ಸೋರುತ್ತಿದೆಯೋ ಇಲ್ಲವೋ ಎಂದು ಅನುಮಾನಪಡುವಂಥದ್ದೇನೂ ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮಲಗುವಾಗ ಖಾಲಿಯಿದ್ದ ಬಕೆಟ್ಟು ಏಳುವಾಗ ತುಂಬಿ ತುಳುಕಿರುತ್ತಿತ್ತು. ಆದರೂ ಅವನು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಚ್ಚಲಿನ ಬಾಗಿಲಿಗೆ ಒರಗಿ ನಲ್ಲಿಯ ಮೂತಿಯನ್ನು ದಿಟ್ಟಿಸುತ್ತ ನಿಂತಿದ್ದ. ಒಂದು ಹನಿ ಮೂಡುತ್ತದೆ, ಹೊಟ್ಟೆ ಬಿಡುತ್ತದೆ, ಬೀಳಲೋ ಬೇಡವೋ ಎಂದು ಕೊಂಚ ತೂಗಾಡುತ್ತದೆ, ಆಮೇಲೆ ಟಪ್. ಹಾಗೆ ತೂಗಾಡುವಾಗ ಪ್ರತಿ ಸಲವೂ ಅವನಿಗೆ ಇದು ಬೀಳುವುದಿಲ್ಲ, ಇಲ್ಲಿಗೆ ನಿಂತಿತು ಅನ್ನಿಸುತ್ತಿತ್ತು. ಪ್ರತಿ ಸಲವೂ ಬೀಳುತ್ತಿತ್ತು. ಮೂತಿಯಿಂದ ಸೋರುತ್ತಿದೆಯೋ, ಮೇಲೆ ತಿರುಪಿನ ಕತ್ತಿನಿಂದ ಜಿನುಗಿ ಮೂತಿಯವರೆಗೆ ಇಳಿದು ಬರುತ್ತಿದೆಯೋ ಎಂದು ನೋಡಲು ಬೆರಳಿಟ್ಟರೆ ಬೆರಳು ಎಲ್ಲ ಕಡೆಯೂ ಒದ್ದೆಯಾಯಿತು. ಊರಿನ ಅರ್ಧ ಜನಕ್ಕೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಟ್ಟವನು, ಇಡೀ ಕಟ್ಟಡದವರು ‘ಕಣ್ಣು ಮೇಷ್ಟ್ರು’ ಎಂದು ಕರೆಯುವವನು, ಒಂದು ಹನಿ ಎಲ್ಲಿಂದ ಬರುತ್ತದೆಂದು ನೋಡಿ ಹೇಳಲಾರದೆ ಬಾಯಿ ಮುಕ್ಕಳಿಸಿದ.

“ನಲ್ಲಿ ಸುದ್ದಿಗೆ ಹೋಗ್ಬೇಡಿ,” ಎಂದಳು ಹೆಂಡತಿ, ಹೊಸಿಲ ಬಳಿ ಒಂದು ಕಾಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಬಿಗಿಯುತ್ತ. “ಇರೋ ಹಾಗೆ ಇರ್ಲಿ ಅದು.”

“ಯಾಕೆ? ನನ್ನ ಕೈಲಿ ಆಗಲ್ಲ ಅಂತಾನಾ?”

“ಹಾಗಂದ್ನಾ ನಾನು? ಅತ್ತೇನ ನೋಡ್ಕೊಳಿ, ಅಷ್ಟು ಸಾಕು. ಇವತ್ತು ನೀವಿದೀರಿ. ನಾಳೆಯಿಂದ ಯಾರಿರ್ತಾರೆ?”

“ನಾಳೆಯಿಂದ ಅಮ್ಮ ಇರ್ತಾಳೆ. ಅವಳೇನು ಎಳೆಕೂಸಾ?”

ಹೆಂಡತಿ ಏನೋ ಹೇಳಲು ಬಾಯಿ ತೆರೆದವಳು ಅಮ್ಮನ ಕೋಣೆಯ ಕಡೆ ಒಮ್ಮೆ ನೋಡಿ, ಚೀಲವನ್ನು ಹೆಗಲಿಗೇರಿಸಿ ಹೊರಟಳು. ಮೆಟ್ಟಿಲಲ್ಲಿ ಅವಳ ಹೆಜ್ಜೆ ಇಳಿಯಿತು. ಬಸ್ ಡಿಪೋದ ಆಫೀಸಿಗೆ ಅವಳು ಮತ್ತೆ ಹೋಗುತ್ತಿರುವ ಮೊದಲ ದಿನ ಇದು. ಹೋಗು ಎಂದು ಹಟ ಹಿಡಿದವನು ಅವನೇ. ಅಮ್ಮ ಕುದಿಯುವ ಚಹಾವನ್ನು ಲೋಟಕ್ಕೆ ಬಗ್ಗಿಸಲು ಹೋಗಿ ಕೈಮೇಲೆ ಸುರಿದುಕೊಂಡಂದಿನಿಂದ ಹೆಂಡತಿ ರಜೆ ಹಾಕಿ ಕೂತಿದ್ದಳು. “ಅತ್ತೆಗೆ ಕಣ್ಣು ಕಾಣ್ತಿಲ್ಲ ರೀ,” ಎಂದು ಅವಳು ಹೇಳಿದಾಗ ಅವನಿಗೆ ಉರಿದುಹೋಗಿತ್ತು. ಅಮ್ಮನ ಕೈ ಸುಟ್ಟದ್ದಕ್ಕಿಂತ ಆ ಮಾತೇ ಹೆಚ್ಚು ಸುಟ್ಟಿತ್ತು ಎಂದರೆ ಹೇಳಲು ನಾಚಿಕೆ, ಆದರೆ ನಿಜ. “ಕಣ್ಣು ನೋಡೋನು ನಾನಾ, ನೀನಾ?” ಎಂದು ಕೂಗಿ, ಆಗಿಂದಾಗಲೇ ಅಮ್ಮನನ್ನು ಹಜಾರದ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಎದುರು ಗೋಡೆಯ ಅಕ್ಷರದ ಹಲಗೆ ಓದಿಸಿದ್ದ. ಅವನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಅಕ್ಷರ ಬೆಳಗಿಸಿ ತೋರಿಸುವ ದೀಪದ ಪೆಟ್ಟಿಗೆ ಬಂದಮೇಲೆ ಬೇಡವಾಗಿ ಅವನು ಮನೆಗೆ ತಂದು ಮೊಳೆ ಹೊಡೆದು ನೇತುಹಾಕಿದ ರಟ್ಟಿನ ಹಲಗೆ ಅದು. ಮೇಲೆ ಆನೆಗಾತ್ರದ ಒಂದು ಅಕ್ಷರ, ಕೆಳಗಿಳಿದಂತೆ ಇರುವೆ ಸಾಲು. ಆಗಾಗ ಅಮ್ಮನಿಂದ ಅದನ್ನು ಓದಿಸುವುದು ಅವನ ರೂಢಿ. ಅಮ್ಮ ಬಟ್ಟೆ ಕಟ್ಟಿದ ಕೈಯನ್ನು ತೊಡೆಯಮೇಲಿಟ್ಟುಕೊಂಡು, ನೆಟ್ಟಗೆ ಕೂತು, ಮಗ್ಗಿ ಒಪ್ಪಿಸುವವಳ ಹಾಗೆ ಓದಿದಳು. “ರ. ಟ, ಪ. ಗ, ನ, ಲ. ಮ, ದ, ಸ, ಯ.” ಕೊನೆಯ ಇರುವೆ ಸಾಲನ್ನೂ ಬಿಡಲಿಲ್ಲ. “ವ, ಬ, ಹ, ಕ, ಜ. ಸಾಕೇನೋ?” ಅವನು ಹೆಂಡತಿಯ ಕಡೆ ತಿರುಗಿ ನೋಡಿದ ನೋಟವನ್ನು ನೆನೆದರೆ ಈಗಲೂ ಒಳಗೊಳಗೇ ಖುಷಿಯಾಗುತ್ತಿತ್ತು. ಹೆಂಡತಿ ಮಾತ್ರ ಅವನನ್ನು ನೋಡಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದಳು. “ನೀವು ಹೇಳಿದ್ಮೇಲೆ ಮುಗೀತು,” ಎಂದು ಒಳಗೆ ಹೋಗಿದ್ದಳು. ಅಂದಿನಿಂದ ನಲ್ಲಿಯನ್ನೂ ಸೇರಿಸಿಕೊಂಡು ಯಾವ ವಿಷಯಕ್ಕೂ ಅವಳು ಹಾಗೇ ಅನ್ನುತ್ತಿದ್ದಳು, ಇಲ್ಲವೇ ಇರಲಿ ಬಿಡಿ ಅನ್ನುತ್ತಿದ್ದಳು. ಪ್ಲಂಬರ್‌ನನ್ನು ಕರೆಸು ಎಂದರೆ ಬರುತ್ತಾನೆ ಎನ್ನುತ್ತಿದ್ದಳು. ಬರುತ್ತಿರಲಿಲ್ಲ. ಯಾಕೆ ಬರುವುದಿಲ್ಲ ಎಂದು ಅವನು ಕೇಳಿದಾಗ, ನಿಮಗೇನು ಅದರಿಂದ ತೊಂದರೆ ಎಂದು ಅವಳು ತಿರುಗಿ ಕೇಳಿದ್ದು ಅವನಿಗೆ ಇಂದಿಗೂ ಅರ್ಥವಾಗಿರಲಿಲ್ಲ. ಸೋರುವ ನಲ್ಲಿಯಿಂದ ಏನು ತೊಂದರೆ ಎಂದು ಯಾರಾದರೂ ಕೇಳುತ್ತಾರೆಯೇ?

ಇವತ್ತು ಅಂಗಡಿಗೆ ವಾರದ ರಜೆ. ಸಂಜೆ ಅವಳು ಬರುವಷ್ಟರಲ್ಲಿ ನಲ್ಲಿ ನಿಂತಿರಬೇಕು, ನಿಲ್ಲಿಸಿದವನು ತಾನಾಗಿರಬೇಕು ಎಂದು ಅವನಿಗೆ ತೀರ್ಮಾನವಾಗಿ ಹೋಯಿತು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ತೀರ್ಮಾನ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು ಶಾಲೆಯ ಟೀಚರಮ್ಮನ ಕತೆ ಹೇಳಬೇಕಾಗುತ್ತಿತ್ತು. ಆಕೆ ಅವನು ಕೊಟ್ಟ ಹೊಸ ಕನ್ನಡಕವನ್ನು ಅಂಗಡಿಯ ಗಾಜಿನ ಮೇಜಿನಮೇಲೆ ಮೆಲ್ಲಗೆ ಇಟ್ಟು, “ಇದನ್ನ ಹಾಕ್ಕೊಂಡ್ರೆ ಮೆಟ್ಟಿಲು ಎದ್ದೆದ್ದು ಬರುತ್ತೆ,” ಎಂದಿದ್ದರು. ಮಾಲೀಕಮ್ಮ ನಗುತ್ತಲೇ ತಾವೇ ಕೂತು ಪರೀಕ್ಷೆ ಮಾಡಿದರು. ಅವನು ಪಕ್ಕದಲ್ಲಿ ನಿಂತಿದ್ದ, ತನ್ನದೇ ಪರೀಕ್ಷೆ ನಡೆಯುತ್ತಿದೆಯೇನೋ ಎಂಬಂತೆ. ಅವರೂ ಗಾಜು ಬದಲಿಸಿ ಬದಲಿಸಿ ಅವನು ಕೇಳುವುದನ್ನೇ ಕೇಳಿದರು: ಇದು ಸರಿಯಾ, ಇದಾ? ಟೀಚರಮ್ಮ ಅವನಿಗೆ ಹೇಳಿದ ಉತ್ತರವೇ ಬೇರೆ, ಅವರಿಗೆ ಹೇಳಿದ ಉತ್ತರವೇ ಬೇರೆ. “ನೀವು ಕೇಳ್ದಾಗ ಏನು ಹೇಳಿದ್ರೆ ಸರಿ ಅಂತ ಗೊತ್ತಾಗ್ಲಿಲ್ಲ ಸಾರ್. ನಿಮ್ಮ ಮುಖ ನೋಡಿ ಹೇಳ್ಬಿಟ್ಟೆ,” ಎಂದು ಆಕೆ ಕ್ಷಮೆ ಕೇಳುವ ದನಿಯಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿತ್ತು. ಆಕೆ ಹೋದಮೇಲೆ ಮಾಲೀಕಮ್ಮ, “ಸ್ವಲ್ಪ ದಿನ ನೀವು ಫ್ರೇಮ್ ಕಡೆ ಇರಿ. ನಿಮಗೂ ವಿಶ್ರಾಂತಿ ಆಗುತ್ತೆ,” ಎಂದರು. ಅಂದಿನಿಂದ ಅವನು ಹುಡುಗಿಯರ ಮೂಗಿಗೆ ಫ್ರೇಮ್ ಏರಿಸಿ ಕನ್ನಡಿ ಹಿಡಿಯುತ್ತಾನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಹೆಂಡತಿ ಏನನ್ನುತ್ತಾಳೆ ಎಂದು ಎಷ್ಟೋ ಸಲ ಯೋಚಿಸಿದ್ದ. ಏನೂ ಅನ್ನುವುದಿಲ್ಲ, ಅಮ್ಮನ ಕೋಣೆಯ ಕಡೆ ನೋಡುತ್ತಾಳೆ ಎಂಬಲ್ಲಿಗೆ ಬಂದು ಯೋಚನೆ ನಿಲ್ಲುತ್ತಿತ್ತು.

ಮೊದಲು ನೀರು ನಿಲ್ಲಿಸಬೇಕು, ಅಷ್ಟು ಅವನಿಗೆ ಗೊತ್ತಿತ್ತು. ಹಜಾರದಿಂದ ಒಳಗೆ ಹೋಗುವ ಓಣಿಯಂಥ ನಡುಮನೆಯ ಕೊನೆಯಲ್ಲಿ ಎರಡು ಬಾಗಿಲು: ಎಡಕ್ಕೆ ಬಚ್ಚಲು, ಬಲಕ್ಕೆ ಹೊರಗಿನ ಕಬ್ಬಿಣದ ಮೆಟ್ಟಿಲು. ಆ ಬಲಗಡೆಯ ಬಾಗಿಲಿಗೆ ಯಾವಾಗಲೂ ಚಿಲಕ. ಹೊಸಿಲು ದಾಟಿದರೆ ಅಂಗೈಯಗಲದ ಕಟ್ಟೆ, ಆಮೇಲೆ ನೇರ ಇಳಿತ. ಅವನು ಚಿಲಕ ತೆಗೆದು ಮೇಲೆ ತಾರಸಿಗೆ ಹತ್ತಿದ. ಟ್ಯಾಂಕಿನ ಬುಡದಲ್ಲಿ ಪೈಪುಗಳು ಹಾವಿನ ಮರಿಗಳಂತೆ ಹೆಣೆದುಕೊಂಡಿದ್ದವು, ಒಂದೊಂದಕ್ಕೂ ಒಂದೊಂದು ತಿರುಪು, ಯಾವುದು ಯಾರ ಮನೆಯದು ಎಂದು ಬಣ್ಣವಿಲ್ಲ, ಗುರುತಿಲ್ಲ. ಚಿಕ್ಕವನಿದ್ದಾಗ ಅಮ್ಮ ಅವನ ತೋರುಬೆರಳು ಹಿಡಿದು ಸ್ಲೇಟಿನಮೇಲೆ ಅಕ್ಷರ ತಿದ್ದಿಸುವಾಗ ಹೀಗೇ ಆಗುತ್ತಿತ್ತು. ಯಾವ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಅಳು ಬರುತ್ತಿತ್ತು. ಕಣ್ಣು ಮುಚ್ಚು, ಬೆರಳಿಗೆ ಗೊತ್ತಾಗ್ಲಿ, ಎನ್ನುತ್ತಿದ್ದಳು ಅಮ್ಮ. ಅವಳ ಅಂಗೈ ಬೆಚ್ಚಗಿರುತ್ತಿತ್ತು. ಅವನು ಅಂದಾಜಿನಮೇಲೆ ಒಂದನ್ನು ತಿರುಗಿಸಿದ, ಕೆಳಗಿಳಿದು ನೋಡಿದ, ನಲ್ಲಿ ಬರುತ್ತಲೇ ಇತ್ತು. ಮತ್ತೆ ಹತ್ತಿ ಇನ್ನೊಂದನ್ನು ತಿರುಗಿಸಿದ. ಮೊದಲಿನದನ್ನು ತೆರೆಯಬೇಕಿತ್ತು ಎಂಬುದು ನೆನಪಾಗಲಿಲ್ಲ.

“ಯಾರ್ರೀ ಅದು ನೀರು ನಿಲ್ಲಿಸಿದ್ದು?” ಎಂದು ಕೆಳಗಿನ ಮನೆಯ ಟೈಲರ್ ಮೆಟ್ಟಿಲಿಗೆ ಬಂದು ನಿಂತಿದ್ದ. ಮುಖವೆಲ್ಲ ಸೋಪಿನ ನೊರೆ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ಕಿರಿದಾಗಿಸಿ ಮೇಲೆ ನೋಡಿದ. “ಓಹೋ, ಕಣ್ಣು ಮೇಷ್ಟ್ರಾ? ನನ್ನ ಕಣ್ಣು ಕಳೆದು ಕನ್ನಡಕ ಮಾರೋಣ ಅಂತಾನಾ? ಗಿರಾಕಿ ಸಾಲ್ತಿಲ್ವಾ ಅಂಗಡೀಲಿ?”

ತಮಾಷೆಗೆ ಹೇಳಿದ ಮಾತು. ಟೈಲರ್ ನೊರೆಯೊಳಗೇ ನಗುತ್ತಿದ್ದ. ಆದರೂ ಗಿರಾಕಿ ಎಂಬಲ್ಲಿ ಅವನಿಗೆ ಚುರುಕ್ಕೆಂದಿತು, ಇವನಿಗೆ ಗೊತ್ತಿದೆಯೇ? ಟೀಚರಮ್ಮ ಇವನ ಹತ್ತಿರವೇ ಬಟ್ಟೆ ಹೊಲಿಸುವುದೇ? “ಒಂದ್ನಿಮಿಷ, ಒಂದ್ನಿಮಿಷ,” ಎಂದು ತೊದಲುತ್ತ ಎಲ್ಲ ತಿರುಪುಗಳನ್ನೂ ಮತ್ತೆ ತೆರೆದು, ಒಂದೊಂದಾಗಿ ಮುಚ್ಚಿ, ಪ್ರತಿ ಸಲವೂ ತಾರಸಿಯ ಅಂಚಿನಿಂದ ಬಗ್ಗಿ “ಈಗ ಬರ್ತಿದೆಯಾ?” ಎಂದು ಕೂಗಿ, ಕೊನೆಗೂ ತಮ್ಮ ಮನೆಯದು ಯಾವುದೆಂದು ಪತ್ತೆಹಚ್ಚಿದ. ಅಷ್ಟರಲ್ಲಿ ಟೈಲರ್‌ನ ಮುಖದ ನೊರೆ ಒಣಗಿ ಬಿಳಿ ಗೆರೆಗಳಾಗಿದ್ದವು.

ಇಕ್ಕಳದಿಂದ ನಲ್ಲಿಯ ಕತ್ತು ಬಿಚ್ಚಿದಾಗ ಒಳಗಿಂದ ಕಪ್ಪು ರಬ್ಬರಿನ ಬಿಲ್ಲೆಯೊಂದು ಹೊರಬಂತು. ಸವೆದು, ನಡುವೆ ಸೀಳಿ, ವಾಷರ್ ಎಂದರೆ ನಗುವಂತಿತ್ತು. ಇಷ್ಟೇನಾ? ಇಷ್ಟು ದಿನದ ಟಪ್ ಟಪ್‌ಗೆ ಕಾರಣ ಇಷ್ಟೇನಾ? ಅವನಿಗೆ ಒಂದು ಕ್ಷಣ ಎಲ್ಲ ಬೆಳಕಾದಂತೆ ಆಯಿತು. ಅದನ್ನು ಜೇಬಿಗೆ ಹಾಕಿಕೊಂಡು, ಅಮ್ಮನ ಕೋಣೆಯೊಳಗೆ ಇಣುಕಿ, “ಈಗ ಬಂದೆ ಅಮ್ಮ,” ಎಂದ. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. “ಹೂಂ, ಹೋಗಿ ಬಾ. ನಿಂಗೆ ಅಂಗಿ ಗುಂಡಿ ಹಾಕಿಲ್ಲ ನೋಡು,” ಎಂದಳು, ಅವನ ಕಡೆ ತಿರುಗಿ. ನೋಡಿಕೊಂಡರೆ ಎಲ್ಲ ಗುಂಡಿಯೂ ಹಾಕಿತ್ತು. ಅಮ್ಮ ಮೊದಲಿನಿಂದಲೂ ಹಾಗೆ, ಮಗ ಎಂದರೆ ಗುಂಡಿ ಹಾಕದವನು ಎಂದೇ ಅವಳ ಲೆಕ್ಕ. ಅವನು ನಕ್ಕು ಮೆಟ್ಟಿಲಿಳಿದ.

ಹಾರ್ಡ್‌ವೇರ್ ಅಂಗಡಿಯವನು ಫೋನನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಮೊಳೆ ತೂಗುತ್ತಿದ್ದ. “ವಾಷರ್,” ಎಂದು ಇವನು ಹಳೆಯದನ್ನು ಹುಡುಕಿದರೆ ಜೇಬಿನಲ್ಲಿ ಇರಲಿಲ್ಲ. ಇನ್ನೊಂದು ಜೇಬು ನೋಡಿದ. ದಾರಿಯಲ್ಲಿ ಕರವಸ್ತ್ರ ತೆಗೆದಾಗ ಬಿದ್ದಿರಬೇಕು. ಅಂಗಡಿಯವನು ಡಬ್ಬಿಯಿಂದ ಎರಡು ಬಿಲ್ಲೆ ತೆಗೆದು ಅಂಗೈಮೇಲೆ ಒಂದರ ಪಕ್ಕ ಒಂದು ಇಟ್ಟು ಮುಂದೆ ಚಾಚಿದ. “ಯಾವ್ದು ಸಾರ್? ಇದಾ, ಇದಾ?”

ಅವನು ಬಗ್ಗಿ ನೋಡಿದ. ಒಂದು ಕೂದಲೆಳೆ ದೊಡ್ಡದೋ ಏನೋ. ಅಥವಾ ಹತ್ತಿರವಿದ್ದದ್ದರಿಂದ ಹಾಗೆ ಕಂಡಿತೋ. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. “ಇದು?” ಎಂದ ಅಂಗಡಿಯವನು ಮತ್ತೆ, ಅವನ ಮುಖ ನೋಡುತ್ತ, “ಇಲ್ಲಾ ಇದಾ?” ಇದೇ ಪ್ರಶ್ನೆಯನ್ನು ಇಷ್ಟು ವರ್ಷ ಕತ್ತಲೆ ಕೋಣೆಯಲ್ಲಿ ಎಷ್ಟು ಜನಕ್ಕೆ ಕೇಳಿದ್ದಾನೋ. ಆ ಕಡೆ ಕೂತವರ ಗದ್ದ ಕಬ್ಬಿಣದ ತಟ್ಟೆಯ ಮೇಲಿರುತ್ತಿತ್ತು, ಅವರಿಗೆ ತಲೆ ಅಲ್ಲಾಡಿಸಲೂ ಆಗುತ್ತಿರಲಿಲ್ಲ. ಎರಡೂ ಒಂದೇ ಥರ ಕಾಣುತ್ತೆ ಎಂದು ಕೆಲವರು ಅಳುಕುತ್ತ ಹೇಳುತ್ತಿದ್ದರು. ಸರಿಯಾಗಿ ನೋಡಿ ಹೇಳಿ ಎಂದು ಇವನು ಸ್ವಲ್ಪ ಗದರುತ್ತಿದ್ದ. ಆಗ ಅವರು ಯಾವುದೋ ಒಂದನ್ನು ಹೇಳಿಬಿಡುತ್ತಿದ್ದರು. ಈಗ ಅವನಿಗೆ ತಿಳಿಯಿತು, ನೋಡಿ ಹೇಳುವುದಲ್ಲ ಅದು, ಬಿಟ್ಟರೆ ಸಾಕು ಎಂದು ಹೇಳುವುದು.

“ಎರಡೂ ಒಂದೇ ಥರ ಕಾಣುತ್ತೆ,” ಎಂದ.

“ಎರಡೂ ತಗೊಂಡ್ಹೋಗಿ. ಕೂರದೇ ಇರೋದನ್ನ ವಾಪಸ್ ತಂದ್ಕೊಡಿ,” ಎಂದು ಅಂಗಡಿಯವನು ಆಗಲೇ ಹಿಂದಿನವರ ಕಡೆ ತಿರುಗಿದ್ದ.

ಮನೆಗೆ ಬಂದಾಗ ಅಮ್ಮ ಊಟ ಮುಗಿಸಿ ಮಲಗಿದ್ದಳು. ಹೆಂಡತಿ ಬೆಳಿಗ್ಗೆಯೇ ತಟ್ಟೆಯನ್ನು ಬಡಿಸಿ ಮುಚ್ಚಿಟ್ಟು, ನೀರಿನ ಲೋಟವನ್ನು ತಟ್ಟೆಗೆ ತಾಗಿಸಿಯೇ ಇಟ್ಟುಹೋಗಿದ್ದಳು. ಈಚೆಗೆ ಅವಳು ಹಾಗೇ ಇಡುತ್ತಾಳೆ, ಚಮಚ ಇಂಥಲ್ಲಿ, ಲೋಟ ಇಂಥಲ್ಲಿ, ಕುರ್ಚಿ ಸರಿಸಿದರೆ ಸಿಡುಕುತ್ತಾಳೆ. ಡಿಪೋದವರ ಶಿಸ್ತು ಮನೆಗೂ ಬಂತು ಎಂದು ಅವನು ಗೇಲಿ ಮಾಡುತ್ತಿದ್ದ. ಬಚ್ಚಲಿನ ನೆಲವೆಲ್ಲ ಒದ್ದೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಡದಿದ್ದರೆ ತಲೆಬುಡ ತಿಳಿಯುವುದಿಲ್ಲವೆಂದು, ಅಗಲವಾದದ್ದು ಏನಾದರೂ ಬೇಕಲ್ಲ ಎಂದು ಸುತ್ತ ನೋಡಿದಾಗ ಹಜಾರದ ಅಕ್ಷರದ ಹಲಗೆ ಕಣ್ಣಿಗೆ ಬಿತ್ತು. ಅದನ್ನು ಮೊಳೆಯಿಂದ ಇಳಿಸಿ ತಂದು, ನೆಲಕ್ಕೆ ಬೋರಲು ಹಾಕಿ, ಬೆನ್ನಿನಮೇಲೆ ಹಿತ್ತಾಳೆಯ ಚೂರುಗಳನ್ನು ಸಾಲಾಗಿ ಇಟ್ಟ. ಒರೆಸಿಟ್ಟರಾಯಿತು, ಯಾರಿಗೂ ತಿಳಿಯುವುದಿಲ್ಲ. ಮೊದಲ ಬಿಲ್ಲೆ ಕೂರಲಿಲ್ಲ. ಎರಡನೆಯದು ಕೂತಿತು, ಆದರೆ ತಿರುಪು ಬಿಗಿಸಿ, ಮೇಲೆ ಹೋಗಿ ನೀರು ಬಿಟ್ಟು, ಕೆಳಗೆ ಬಂದು ನೋಡಿದರೆ ಕತ್ತಿನಿಂದ ನೀರು ಚಿಮ್ಮಿ ಅವನ ಮುಖಕ್ಕೇ ಹೊಡೆಯಿತು. ಮತ್ತೆ ಹತ್ತು, ಮತ್ತೆ ನಿಲ್ಲಿಸು, ಮತ್ತೆ ಇಳಿ. ಕನ್ನಡಕ ಒದ್ದೆಯಾಗಿ ಏನೂ ಕಾಣದೆ, ಅದನ್ನು ತೆಗೆದು ಜೇಬಿಗಿಟ್ಟು, ಬೆರಳಿನಿಂದಲೇ ಸುತ್ತುಗಳನ್ನು ತಡವಿ ನೋಡಿದ. ಓರೆಯಾಗಿ ಹತ್ತಿತ್ತು. ಬಿಚ್ಚಿ, ಕಣ್ಣುಮುಚ್ಚಿ, ಮೆಲ್ಲಗೆ ತಿರುಗಿಸಿದಾಗ ಅದು ತಾನಾಗಿ ತನ್ನ ದಾರಿ ಹಿಡಿದು ಒಳಗೆ ಸರಿಯಿತು. ಎಷ್ಟು ಹೊತ್ತಾಯಿತೋ, ಮೇಲೆ ನೀರು ಬಿಟ್ಟು ಕೊನೆಯ ಸಲ ಇಳಿದು ಬಂದಾಗ ನಲ್ಲಿಯ ಮೂತಿ ಒಣಗಿತ್ತು. ಕಾದ. ಹನಿ ಮೂಡಲಿಲ್ಲ. ಬೆರಳಿಟ್ಟ. ಬೆರಳು ಒದ್ದೆಯಾಗಲಿಲ್ಲ.

ಅವನಿಗೆ ಆದ ಸಂತೋಷವನ್ನು ಯಾರಿಗಾದರೂ ತೋರಿಸಿಕೊಳ್ಳಬೇಕಿತ್ತು. ಮೈಯೆಲ್ಲ ತೊಯ್ದು ತೊಪ್ಪೆಯಾಗಿದ್ದರೂ ಅಡಿಗೆಮನೆಗೆ ಹೋಗಿ ಒಲೆಯಮೇಲೆ ಚಹಾಕ್ಕಿಟ್ಟು, ಕಟ್ಟೆಗೊರಗಿ ನಿಶ್ಶಬ್ದವನ್ನು ಕೇಳುತ್ತ ನಿಂತ. ಮನೆ ಬೇರೆಯಾಗಿತ್ತು. ಇಷ್ಟು ದೊಡ್ಡದಿತ್ತೇ ಈ ಮನೆ? ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುತ್ತಾಳೆ, ಏನೋ ಕಡಿಮೆಯಾಗಿದೆ ಎಂದು ನಿಲ್ಲುತ್ತಾಳೆ, ಆಗ ಇವನು ಏನೂ ಹೇಳಬಾರದು. ಅವಳೇ ಕೇಳಲಿ. ನನ್ನ ಕೈಲಿ ಆಗಲ್ಲ ಅಂದೆಯಲ್ಲ ಎನ್ನಬೇಕೋ, ಅದೇನು ಮಹಾ ಎನ್ನಬೇಕೋ? ಎರಡನ್ನೂ ಬಾಯಲ್ಲಿ ಆಡಿಸಿ ನೋಡುತ್ತಿರುವಾಗ ಅಮ್ಮನ ಕೋಣೆಯ ಬಾಗಿಲು ಕಿರುಗುಟ್ಟಿತು. ನಿದ್ದೆಯಿಂದ ಎದ್ದ ಅಮ್ಮ ನಡುಮನೆಯಲ್ಲಿ ಬರುತ್ತಿದ್ದಳು, ಬಚ್ಚಲಿಗೆ. ದಿನವೂ ಬರುವಂತೆ, ನೆಟ್ಟಗೆ, ಒಂದು ಕೈಯ ಬೆರಳ ತುದಿಯನ್ನು ಗೋಡೆಗೆ ಸೋಕಿಸಿಯೂ ಸೋಕಿಸದಂತೆ. ಅವನು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಅಮ್ಮ ಈಗ ನೋಡುತ್ತಾಳೆ, ಏನೋ ಇದು ಕೋತಿಯ ಹಾಗೆ ನೆನೆದಿದ್ದೀಯಲ್ಲ ಎನ್ನುತ್ತಾಳೆ ಎಂದು ನಗುತ್ತ ಕಾದ. ಅವಳು ಅವನ ಮುಂದೆಯೇ ದಾಟಿಹೋದಳು.

ನಡುಮನೆಯ ಕೊನೆಯಲ್ಲಿ, ಎರಡು ಬಾಗಿಲುಗಳ ನಡುವೆ ಅಮ್ಮ ನಿಂತಳು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಾದಳು. ಆಮೇಲೆ ಇನ್ನೊಂದು ಪಕ್ಕಕ್ಕೆ ವಾಲಿಸಿದಳು. ಅವನು ಇದನ್ನು ಎಲ್ಲೋ ನೋಡಿದ್ದೇನೆ ಅಂದುಕೊಂಡ, ಹನಿ ಬೀಳಲೋ ಬೇಡವೋ ಎಂದು ತೂಗಾಡುವುದನ್ನು, ಗದ್ದವನ್ನು ತಟ್ಟೆಯ ಮೇಲಿಟ್ಟವರು ಉತ್ತರ ಸಿಗದೆ ತಡವರಿಸುವುದನ್ನು. ಬಲಗಡೆಯ ಬಾಗಿಲು ಹಾರುಹೊಡೆದಿತ್ತು, ಹತ್ತಿ ಇಳಿಯುವ ಭರಾಟೆಯಲ್ಲಿ ಅವನು ಚಿಲಕ ಹಾಕಿರಲಿಲ್ಲ. ಸಂಜೆಯ ಗಾಳಿ ಅಲ್ಲಿಂದ ಒಳಗೆ ಬರುತ್ತಿತ್ತು. ಅಮ್ಮ ಗೋಡೆಯಿಂದ ಬೆರಳು ತೆಗೆದು ಗಾಳಿಯ ಕಡೆ ತಿರುಗಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಅಲ್ಲಿಗೆ ಯಾಕೆ ಹೋಗುತ್ತಿದ್ದಾಳೆ? ಬಟ್ಟೆ ಒಣಗಿದೆಯೇ ಎಂದು ನೋಡಲಿಕ್ಕೋ? ಅವಳ ಕಾಲ ಹೆಬ್ಬೆರಳು ಹೊಸಿಲನ್ನು ತಡವಿ, ಹೊಸಿಲು ಯಾಕೆ ಇಷ್ಟು ಎತ್ತರವಾಯಿತು ಎಂಬಂತೆ ಒಂದು ಗಳಿಗೆ ನಿಂತು, ಮೇಲೆದ್ದಿತು.

“ಅಮ್ಮಾ!”

ಅವನು ಓಡಿಹೋಗಿ ರಟ್ಟೆ ಹಿಡಿದಾಗ ಅವಳು ಬೆಚ್ಚಿ ಅವನ ಎದೆಯಮೇಲೆ ಕೈಯಿಟ್ಟಳು, ಒದ್ದೆ ಅಂಗಿಯನ್ನು ಮುಟ್ಟಿ ನೋಡಿದಳು. ಅವಳ ಮುಖ ಅವನ ಮುಖಕ್ಕೆ ಕೊಂಚ ಪಕ್ಕದಲ್ಲಿತ್ತು.

“ನಲ್ಲಿ ಎಲ್ಲೋಯ್ತೋ?” ಎಂದಳು.

ಒಲೆಯಮೇಲೆ ಚಹಾ ಉಕ್ಕಿದ ವಾಸನೆ ಬಂತು. ಅವನು ಚಿಲಕ ಹಾಕಿದ. ಅಮ್ಮನ ಕೈ ಬಿಡದೆ ಹೋಗಿ ಒಲೆ ಆರಿಸಿದ. ಅಮ್ಮನನ್ನು ಬಚ್ಚಲಿಗೆ ಬಿಟ್ಟು, ಬಂದಮೇಲೆ ಕೈಹಿಡಿದು ಹಜಾರಕ್ಕೆ ಕರೆತಂದು ಬೆತ್ತದ ಕುರ್ಚಿಯಲ್ಲಿ ಕೂರಿಸಿದ. ಸುಮ್ಮನೆ ಎದುರಿಗೆ ನಿಂತ. ಅವನ ಉಸಿರು ಕೇಳಿಸುತ್ತಿದ್ದಿರಬೇಕು. ಕುರ್ಚಿ, ಎದುರಿಗೆ ಮಗ, ಮಾತಿಲ್ಲ. ಅಮ್ಮ ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಳು. ಸೆರಗು ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿದಳು.

“ಓದ್ಲಾ?” ಎಂದಳು.

ಅವನು ಬಾಯಿ ಬಿಡುವಷ್ಟರಲ್ಲಿ ಶುರುಮಾಡಿದ್ದಳು. “ರ. ಟ, ಪ. ಗ, ನ, ಲ.” ಅವನು ಹಿಂತಿರುಗಿ ನೋಡಿದ. ಗೋಡೆಯಮೇಲೆ ಮೊಳೆ ಇತ್ತು. ಮೊಳೆಯ ಕೆಳಗೆ, ಇಷ್ಟು ದಿನ ಬಿಸಿಲು ಬೀಳದೆ ಹೊಸದಾಗಿಯೇ ಉಳಿದ ಸುಣ್ಣದ ಒಂದು ಚೌಕ. ಹಲಗೆ ಬಚ್ಚಲಿನಲ್ಲಿ ಬೋರಲು ಬಿದ್ದು ನೆನೆಯುತ್ತಿತ್ತು. “ಮ, ದ, ಸ, ಯ,” ಎಂದು ಅಮ್ಮ ಬರೀ ಗೋಡೆಯನ್ನು ಓದುತ್ತಿದ್ದಳು, ನಡುವೆ ಕಣ್ಣು ಕಿರಿದು ಮಾಡುವ ಕಡೆ ಕಿರಿದು ಮಾಡುತ್ತ, ತಡೆದು ಹೇಳುವ ಕಡೆ ತಡೆದು ಹೇಳುತ್ತ. ಪಾಠ ಅಷ್ಟು ಚೆನ್ನಾಗಿ ಬಂದಿತ್ತು. ಅವನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಕೊನೆಯ ಸಾಲಿನವರೆಗೂ ಕೇಳಿದ. “ವ, ಬ, ಹ, ಕ, ಜ. ಸಾಕೇನೋ?” ಕತ್ತಲೆ ಕೋಣೆಯ ದೀಪದ ಪೆಟ್ಟಿಗೆಯಲ್ಲಾದರೆ ಹಲಗೆ ಬದಲಾಗುತ್ತದೆ, ಯಾರೂ ಬಾಯಿಪಾಠ ಮಾಡಬಾರದೆಂದೇ. ಮನೆಯ ಹಲಗೆ ಎಂದೂ ಬದಲಾಗಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಬೇರೆಯವರ ಮನೆಯ ವಿಷಯಕ್ಕೆ ಅವನೇ ಎಷ್ಟು ಸಲ ಹೇಳಿ ನಕ್ಕಿಲ್ಲ.

“ಅಮ್ಮ, ಹಲಗೆ ಅಲ್ಲಿಲ್ಲ. ನಾನು ತೆಗೆದಿದ್ದೆ.”

ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಮುಖ ಅವಳದಾಗಿತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಕಿಟಕಿಯ ಬೆಳಕು ಅವಳ ಕಣ್ಣಿಗೆ ಬೀಳುತ್ತಿತ್ತು. ಎಷ್ಟು ಹತ್ತಿರದಿಂದ ಎಷ್ಟು ಜನರ ಕಣ್ಣು ನೋಡಿದ್ದಾನೆ. ಇವಳದನ್ನು ಮಾತ್ರ ಗೋಡೆಯ ಹತ್ತಿರ ನಿಂತು ನೋಡುತ್ತಿದ್ದ, ಬೆರಳು ಅಕ್ಷರದಮೇಲೆ, ಗಮನವೂ ಅಕ್ಷರದಮೇಲೆ. ಈಗ ಕಂಡದ್ದು ಪೊರೆಯೋ, ಒಳಗಿನ ನರದ ಕಾಯಿಲೆಯೋ, ಎರಡೂ ಸೇರಿಯೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳಲು ಮೊದಲ ಸಲ ಕಷ್ಟವಾಗಲಿಲ್ಲ.

“ಯಾವಾಗಿಂದ ಅಮ್ಮ?”

“ಒಂದೇ ಸಲಕ್ಕೆ ಹೋಗ್ಲಿಲ್ಲ ಕಣೋ. ಮೊದಲು ಕೆಳಗಿನ ಸಾಲು ಹೋಯ್ತು. ಬಾಯಿಗೆ ಬರ್ತಿತ್ತಲ್ಲ, ಹೇಳ್ದೆ. ನೀನು ಎಷ್ಟು ಖುಷಿಪಟ್ಟೆ. ಆಮೇಲೆ ಅದರ ಮೇಲಿಂದು ಹೋಯ್ತು.” ಕೈಯನ್ನು ಗಾಳಿಯಲ್ಲಿ ಮೇಲೆ ಮೇಲೆ ಏರಿಸಿ ತೋರಿಸಿದಳು. “ಊರಿಗೆಲ್ಲ ಕಣ್ಣು ನೋಡ್ತಾನೆ, ಹೆತ್ತವಳಿಗೇ ಕಾಣಲ್ಲ ಅಂತ ಜನ ಆಡ್ಕೊಳಲ್ವಾ? ನಿನ್ನ ಹತ್ರ ಯಾರು ಬರ್ತಾರೆ ಆಮೇಲೆ? ಅವಳಿಗೆ ಗೊತ್ತಾಗೋಯ್ತು. ಹೇಳ್ಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡೆ. ಅವಳ್ನ ಬೈಬೇಡ.”

ನಲ್ಲಿ ಸುದ್ದಿಗೆ ಹೋಗ್ಬೇಡಿ. ಇರೋ ಹಾಗೆ ಇರ್ಲಿ. ತಟ್ಟೆಗೆ ತಾಗಿಸಿಟ್ಟ ಲೋಟ. ಎಲ್ಲವೂ ಕಣ್ಣೆದುರಿಗೇ ಇತ್ತು, ದೊಡ್ಡ ಅಕ್ಷರಗಳಲ್ಲಿ. ಅವನಿಗೆ ಅಳು ಬಂದಿತ್ತು, ಆದರೆ ಹೊರಬಂದದ್ದು ಬೇರೆಯೇ ಮಾತು. “ಅಮ್ಮ, ಅಂಗಡೀಲಿ ನಾನೀಗ ಕಣ್ಣು ನೋಡ್ತಿಲ್ಲ. ಬರೀ ಫ್ರೇಮ್ ಕೊಡ್ತೀನಿ.”

ಅಮ್ಮ ಹುಬ್ಬೇರಿಸಿದಳು. “ಅಯ್ಯೋ ನಿನ್ನ! ಹಾಗಾದ್ರೆ ನಾನು ಸುಮ್ಮಸುಮ್ಮನೆ ಬಾಯಿಪಾಠ ಮಾಡಿದ್ನಾ?” ಎಂದವಳು, ಅವನ ತಲೆಯನ್ನು ಹುಡುಕಿ, ಒದ್ದೆ ಕೂದಲಲ್ಲಿ ಕೈಯಿಟ್ಟು, ಸೆರಗಿನಿಂದ ಒರೆಸತೊಡಗಿದಳು.

“ನಾಳೆ ಆಸ್ಪತ್ರೆಗೆ ಹೋಗೋಣ. ದೊಡ್ಡ ಡಾಕ್ಟ್ರ ಹತ್ರ.”

“ನಾಳೆ ಮಾತು ನಾಳೆಗೆ. ಇವತ್ತು ಆ ನಲ್ಲಿ ಮೊದಲಿನ ಹಾಗೆ ಮಾಡು. ಮನೆ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ನಂಗೆ.”

ಅವನು ಬಚ್ಚಲಿಗೆ ಹೋದ. ಹಲಗೆಯ ರಟ್ಟು ಊದಿಕೊಂಡಿತ್ತು, ಎತ್ತಿ ನೋಡಿದರೆ ಅಕ್ಷರಗಳು ನೆಲಕ್ಕಂಟಿ ಅರ್ಧ ಎದ್ದುಬಂದಿದ್ದವು. ಅದನ್ನು ಗೋಡೆಗೆ ಒರಗಿಸಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಏನೂ ಆಗಲಿಲ್ಲ. ಇನ್ನಷ್ಟು ತಿರುಗಿಸಿದ, ನೀರು ಸೊಯ್ಯೆಂದು ಸುರಿಯಿತು. ಹೊಸ ಬಿಲ್ಲೆಗೆ ಹರಿಯುವುದು ಗೊತ್ತು, ನಿಲ್ಲುವುದು ಗೊತ್ತು, ನಡುವೆ ಇರುವುದು ಗೊತ್ತಿಲ್ಲ. ಬೆಳಿಗ್ಗೆಯಿಂದ ಯಾವುದನ್ನು ನಿಲ್ಲಿಸಲು ಒದ್ದಾಡಿದ್ದನೋ ಅದನ್ನು ಬರಿಸಲು ಈಗ ಅದಕ್ಕಿಂತ ಹೆಚ್ಚು ಒದ್ದಾಡಬೇಕಾಯಿತು. ಕೊನೆಗೆ ಕಣ್ಣುಮುಚ್ಚಿ ಬೆರಳಿಗೆ ಬಿಟ್ಟ. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

“ಈಗ ಕೇಳ್ಸುತ್ತಾ ಅಮ್ಮ?”

“ತುಂಬ ಬೇಗಬೇಗ ಬರ್ತಿದೆ,” ಎಂದಳು ಅಮ್ಮ ಹಜಾರದಿಂದ.

ತಿರುಪನ್ನು ಕೊಂಚ ಬಿಗಿದ. “ಇದು ಸರಿಯಾ?” ಸ್ವಲ್ಪ ಸಡಿಲಿಸಿದ. “ಇದಾ?”

ಅಮ್ಮ ಉತ್ತರ ಹೇಳಲು ಹೊತ್ತು ತೆಗೆದುಕೊಂಡಳು. ಅವನು ಅವಸರ ಮಾಡಲಿಲ್ಲ.

“ಮೊದಲಿನದು,” ಎಂದಳು. “ಹಾಂ, ಅದೇ. ಬಿಡು, ಮುಟ್ಬೇಡ.”

ಅಷ್ಟರಲ್ಲಿ ಮುಂಬಾಗಿಲು ತೆರೆಯಿತು. ಹೆಂಡತಿ ಒಳಗೆ ಬಂದು, ಚೀಲವನ್ನು ಇನ್ನೂ ಹೆಗಲಲ್ಲೇ ಇಟ್ಟುಕೊಂಡು, ಒದ್ದೆ ಹೆಜ್ಜೆಗಳ ಗುರುತು ಹಿಡಿದು ಬಚ್ಚಲ ಬಾಗಿಲಿಗೆ ಬಂದಳು. ಅವನ ಒದ್ದೆ ಮೈ ನೋಡಿದಳು, ನೆಲದಮೇಲಿನ ಇಕ್ಕಳವನ್ನು, ಕೂರದ ಬಿಲ್ಲೆಯನ್ನು ನೋಡಿದಳು, ಟಪ್ ಎಂದು ಬಿದ್ದ ಹನಿಯನ್ನು ನೋಡಿದಳು. ಅವಳ ಮುಖ ಸಡಿಲವಾಯಿತು.

“ಬೇಡ ಅಂದ್ರೆ ಕೇಳ್ಬೇಕಲ್ಲ ನೀವು. ಇನ್ನೂ ಸೋರ್ತಾನೇ ಇದೆ,” ಎಂದಳು. “ಆಗ್ಲಿಲ್ಲ ಅಲ್ವಾ ನಿಮ್ಮ ಕೈಲಿ?”

“ಆಗ್ಲಿಲ್ಲ,” ಎಂದ ಅವನು. “ನಾಳೆ ನೀನು ಆಫೀಸಿಗೆ ಹೋಗು. ನಾನು ರಜೆ ಹಾಕ್ತೀನಿ.”

ಆಗ ಅವಳು ಗೋಡೆಗೆ ಒರಗಿಸಿದ್ದ ಹಲಗೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಹೆಗಲಿನ ಚೀಲವನ್ನು ಅಲ್ಲೇ ಒದ್ದೆ ನೆಲದಮೇಲೆ ಇಟ್ಟು, ಪಕ್ಕದಲ್ಲಿ ಕೂತು, ಅವನ ಜೊತೆ ನೆಲಕ್ಕಂಟಿದ ಅಕ್ಷರದ ಚೂರುಗಳನ್ನು ಆರಿಸತೊಡಗಿದಳು.